ಕಲ್ಲಿನೊಳಗಿನ ಮೀನನ್ನು ಓದುವವರು

ಪಿಯುಸಿ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ವಿಜ್ಞಾನ ಓದಿದವರಿಗೆ ಮೆಡಿಕಲ್ ಅಥವಾ ಇಂಜಿನಿಯರಿಂಗ್, ಕಾಮರ್ಸ್‌ನವರಿಗೆ ಬಿ.ಕಾಂ. ಅಥವಾ ಸಿ.ಎ. ಇವುಗಳ ನಡುವೆ ಯಾರಾದರೂ "ನಾನು ಮೀನಿನ ಪಳೆಯುಳಿಕೆಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ" ಎಂದರೆ ಮನೆಯವರು ಒಂದು ಕ್ಷಣ ಮುಖ ಮುಖ ನೋಡಿಕೊಂಡಾರು. ಆದರೆ ಇದನ್ನೇ ಕಲಿಯುವ ವಿದ್ಯಾರ್ಥಿಗಳು ಜಗತ್ತಿನ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಇದ್ದಾರೆ. ಅವರ ಕೆಲಸ ಹೇಗಿರುತ್ತದೆ? ಅಮೆರಿಕದ ವಿಜ್ಞಾನಿ ಲ್ಯಾನ್ಸ್ ಗ್ರ್ಯಾಂಡಿಯವರ ಉದಾಹರಣೆಯಿಂದ ತಿಳಿಯೋಣ.

ಗ್ರ್ಯಾಂಡಿ ಮೊದಲು ಓದುತ್ತಿದ್ದುದು ವ್ಯಾಪಾರಕ್ಕೆ ಸಂಬಂಧಿಸಿದ ವಿಷಯ. ಆಗ ಸ್ನೇಹಿತರೊಬ್ಬರು ಅವರಿಗೆ ಕಲ್ಲಿನ ಚಪ್ಪಡಿಯಲ್ಲಿದ್ದ ಒಂದು ಮೀನನ್ನು ಉಡುಗೊರೆಯಾಗಿ ಕೊಟ್ಟರು. ಸುಮಾರು 5.2 ಕೋಟಿ ವರ್ಷ ಹಿಂದಿನ ಮೀನು ಅದು. ಇದು ಯಾವ ಮೀನು, ಎಲ್ಲಿಯದು ಎಂಬ ಕುತೂಹಲ ಅವರನ್ನು ಭೂವಿಜ್ಞಾನದ ಕಡೆಗೆ ಎಳೆದು ತಂದಿತು. ವಿದ್ಯಾರ್ಥಿಯಾಗಿದ್ದಾಗಲೇ, 1980ರಲ್ಲಿ, ಆ ಮೀನು ಸಿಕ್ಕ ಶಿಲಾಸ್ತರಗಳ ಬಗ್ಗೆ ಅವರು ಬರೆದ ಗ್ರಂಥ ಪ್ರಕಟವಾಯಿತು. ಪಿಎಚ್.ಡಿ. ಮುಗಿಸಿ 1983ರಲ್ಲಿ ಶಿಕಾಗೋ ನಗರದ ಫೀಲ್ಡ್ ಮ್ಯೂಸಿಯಂ ಸೇರಿದರು.

ಒಣ ಬೆಟ್ಟದಲ್ಲಿ ಒಂದು ಸರೋವರ

ಆ ಮೀನು ಬಂದದ್ದು ವಯೋಮಿಂಗ್ ರಾಜ್ಯದ ಗ್ರೀನ್ ರಿವರ್ ಶಿಲಾಸ್ತರಗಳಿಂದ. ಇಂದು ಆ ಪ್ರದೇಶ ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿರುವ ಒಣ ಬಯಲು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಆದರೆ ಮೀನು ಬದುಕಿದ್ದ ಕಾಲದಲ್ಲಿ ಅಲ್ಲಿ ದೊಡ್ಡ ಸರೋವರವಿತ್ತು. ದಡದಲ್ಲಿ ತಾಳೆಯ ಜಾತಿಯ ಮರಗಳಿದ್ದವು, ನೀರಿನಲ್ಲಿ ಮೊಸಳೆಗಳಿದ್ದವು. ಸತ್ತ ಮೀನುಗಳು ಆಮ್ಲಜನಕ ಕಡಿಮೆಯಿದ್ದ ತಳಕ್ಕೆ ಇಳಿದವು. ಅವುಗಳನ್ನು ಕಿತ್ತು ತಿನ್ನುವ ಜೀವಿಗಳು ಅಲ್ಲಿ ಇರಲಿಲ್ಲ. ನಯವಾದ ಸುಣ್ಣದ ಕೆಸರು ಪದರ ಪದರವಾಗಿ ಮೇಲೆ ಕೂತು, ಕಾಲಾಂತರದಲ್ಲಿ ಕಲ್ಲಾಯಿತು. ಹಾಗಾಗಿ ಮುಳ್ಳು, ರೆಕ್ಕೆ, ಹುರುಪೆ ಎಲ್ಲವೂ ಇದ್ದಲ್ಲೇ ಉಳಿದಿವೆ.

ಇಂಥ ಜಾಗದಲ್ಲಿ ಬೇಸಿಗೆಯ ವಾರಗಳನ್ನು ಕಳೆಯುವುದು ಸಂಶೋಧನಾ ವಿದ್ಯಾರ್ಥಿಯ ಜೀವನದ ಒಂದು ಭಾಗ. ಉಳಿ, ಸುತ್ತಿಗೆ ಹಿಡಿದು ಕಲ್ಲಿನ ಹಾಳೆಗಳನ್ನು ಬಿಡಿಸಬೇಕು. ಕೆಲವು ಪದರಗಳನ್ನು ಅಗೆಯುವುದು ರಾತ್ರಿಯಲ್ಲಿ! ಮೀನು ಕಲ್ಲಿನ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಅಡಗಿರುವುದರಿಂದ ಮೇಲೆ ಕಾಣುವುದು ಸಣ್ಣ ಉಬ್ಬು ಮಾತ್ರ. ಹಗಲಿನ ನೆತ್ತಿಯ ಬಿಸಿಲಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕತ್ತಲಲ್ಲಿ ದೀಪವನ್ನು ಓರೆಯಾಗಿ ಹಾಯಿಸಿದರೆ ಬೆನ್ನೆಲುಬಿನ ಗೆರೆಗೆ ನೆರಳು ಬಿದ್ದು, ಮೀನು ಇರುವ ಜಾಗ ತಿಳಿಯುತ್ತದೆ.

ಸೂಜಿ, ಸೂಕ್ಷ್ಮದರ್ಶಕ, ಸಹನೆ

ಉಳಿದ ತಿಂಗಳುಗಳು ಪ್ರಯೋಗಾಲಯದಲ್ಲಿ. ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಕಲ್ಲನ್ನು ಕಣಕಣವಾಗಿ ತೆಗೆಯಬೇಕು. ಅವಸರ ಮಾಡಿ ಎಲುಬು ಮುರಿದರೆ ಮತ್ತೆ ಸಿಗದು. ಮೀನು ಹೊರಬಂದ ಮೇಲೆ ಬೆನ್ನೆಲುಬಿನ ಮಣಿಗಳು ಎಷ್ಟು, ರೆಕ್ಕೆಯ ಕಡ್ಡಿಗಳು ಎಷ್ಟು, ತಲೆಯ ಎಲುಬುಗಳು ಹೇಗೆ ಕೂಡಿಕೊಂಡಿವೆ ಎಂದು ಎಣಿಸಿ, ಚಿತ್ರ ಬರೆದು, ದಾಖಲಿಸಬೇಕು.

ಇಲ್ಲೇ ಒಂದು ಮುಖ್ಯ ವಿಷಯವಿದೆ. ಬದುಕಿರುವ ಮೀನನ್ನು ತಿಳಿಯದವನಿಗೆ ಕಲ್ಲಿನ ಮೀನು ಏನನ್ನೂ ಹೇಳುವುದಿಲ್ಲ. ಹಾಗಾಗಿ ಈ ವಿದ್ಯಾರ್ಥಿಗಳು ಇಂದಿನ ಮೀನುಗಳ ಎಲುಬುಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದುತ್ತಾರೆ. ಮೀನಿನ ಮಾಂಸವನ್ನು ಪಾರದರ್ಶಕ ಮಾಡಿ, ಎಲುಬಿಗೆ ಕೆಂಪು, ಮೃದ್ವಸ್ಥಿಗೆ ನೀಲಿ ಬಣ್ಣ ಕೊಡುವ ವಿಧಾನವಿದೆ. ಗಾಜಿನ ಸೀಸೆಯಲ್ಲಿಟ್ಟ ಆ ಮೀನಿನ ಅಸ್ಥಿಪಂಜರವನ್ನು ಪಕ್ಕದಲ್ಲಿಟ್ಟುಕೊಂಡು ಕಲ್ಲಿನಲ್ಲಿರುವುದರೊಡನೆ ಹೋಲಿಸುತ್ತಾರೆ.

ಈ ಹೋಲಿಕೆಯನ್ನು ನಾವೂ ಮನೆಯಲ್ಲಿ ಮಾಡಬಹುದು. ಬೂತಾಯಿ ಶುಚಿ ಮಾಡುವಾಗ ಅದರ ಹೊಟ್ಟೆಯಡಿ ಬಾಲದಿಂದ ತಲೆಯ ಕಡೆಗೆ ಬೆರಳಾಡಿಸಿ ನೋಡಿ. ಗರಗಸದಂತೆ ಒರಟಾಗಿರುತ್ತದೆ. ಅದು ಚೂಪಾದ ಹುರುಪೆಗಳ ಸಾಲು. ಗ್ರೀನ್ ರಿವರ್‌ನಲ್ಲಿ ಹೇರಳವಾಗಿ ಸಿಗುವ ನೈಟಿಯಾ ಎಂಬ ಪುಟ್ಟ ಮೀನಿಗೂ ಅಂಥದೇ ಸಾಲು ಇದೆ. ಅದು ಹೆರಿಂಗ್, ಬೂತಾಯಿಗಳ ಬಳಗಕ್ಕೆ ಸೇರಿದ ಮೀನು. ಒಂದೇ ಚಪ್ಪಡಿಯಲ್ಲಿ ನೂರಾರು ನೈಟಿಯಾಗಳು ಸಿಕ್ಕಿದ್ದೂ ಇದೆ. 1987ರಲ್ಲಿ ವಯೋಮಿಂಗ್ ಇದನ್ನು ತನ್ನ ರಾಜ್ಯದ ಪಳೆಯುಳಿಕೆಯೆಂದು ಘೋಷಿಸಿತು.

ಇದರಿಂದ ಏನು ಪ್ರಯೋಜನ?

ಈ ಪ್ರಶ್ನೆ ಬಂದೇ ಬರುತ್ತದೆ. ಗಾರ್ ಎಂಬ ಉದ್ದ ಮೂತಿಯ ಸಿಹಿನೀರಿನ ಮೀನನ್ನು ತೆಗೆದುಕೊಳ್ಳಿ. ಇಂದು ಅದು ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕ್ಯೂಬಾದಲ್ಲಿ ಮಾತ್ರ ಇದೆ. ಆದರೆ ಅದರ ಬಳಗದ ಪಳೆಯುಳಿಕೆಗಳು ನಮ್ಮ ಮಧ್ಯ ಭಾರತದಲ್ಲೂ ದೊರೆತಿವೆ. ಅಂದರೆ ಡೈನೋಸಾರ್‌ಗಳ ಕೊನೆಗಾಲದಲ್ಲಿ ಗಾರ್ ಇಲ್ಲೂ ಈಜುತ್ತಿತ್ತು. ಭೂಖಂಡಗಳು ಹೇಗೆ ಸರಿದವು, ಹವಾಮಾನ ಹೇಗೆ ಬದಲಾಯಿತು, ಯಾವ ಜೀವಿ ಎಲ್ಲಿ ಅಳಿಯಿತು, ಎಲ್ಲಿ ಉಳಿಯಿತು ಎಂಬುದಕ್ಕೆ ಇಂಥ ಹುರುಪೆ, ಹಲ್ಲುಗಳೇ ಸಾಕ್ಷಿ. ಹವಾಮಾನ ವೇಗವಾಗಿ ಬದಲಾಗುತ್ತಿರುವ ಈ ಕಾಲದಲ್ಲಿ ಆ ಸಾಕ್ಷಿಗೆ ಬೆಲೆಯಿದೆ.

ಈ ದಾರಿ ಸುಲಭವಲ್ಲ. ಉದ್ಯೋಗಗಳು ಕಡಿಮೆ, ಓದು ದೀರ್ಘ. ಅದನ್ನು ಮುಚ್ಚಿಡಬೇಕಾಗಿಲ್ಲ. ಕರ್ನಾಟಕದ ಬಹುಪಾಲು ಬಂಡೆಗಳು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯವು. ಆಗ ಮೀನುಗಳೇ ಹುಟ್ಟಿರಲಿಲ್ಲ. ಆದ್ದರಿಂದ ಹುಡುಕಲು ಹೊರಗೆ ಹೋಗಬೇಕು. ಪ್ರಾಣಹಿತಾ-ಗೋದಾವರಿ ಕಣಿವೆಯ ಕೋಟಾ ಸುಣ್ಣಕಲ್ಲಿನ ಮೀನುಗಳು 19ನೇ ಶತಮಾನದಲ್ಲೇ ವಿಜ್ಞಾನಿಗಳ ಗಮನ ಸೆಳೆದಿದ್ದವು. ಆಸಕ್ತಿಯುಳ್ಳವರು ಪಿಯುಸಿ ನಂತರ ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಅಥವಾ ಪ್ರಾಣಿಶಾಸ್ತ್ರ, ಆಮೇಲೆ ಎಂ.ಎಸ್ಸಿ. ಮಾಡಿ ಸಂಶೋಧನೆಗೆ ಹೋಗಬಹುದು. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಸಿಕ್ಕರೆ ಫೆಲೋಶಿಪ್ ದೊರೆಯುತ್ತದೆ. ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆ ಪ್ರಾಚೀನ ಜೀವಿಗಳ ಅಧ್ಯಯನಕ್ಕೆಂದೇ ಇದೆ.

ಎಲ್ಲರೂ ವಿಜ್ಞಾನಿಗಳಾಗಬೇಕೆಂದಿಲ್ಲ. ಆದರೆ ನೋಡುವ ಅಭ್ಯಾಸ ಎಲ್ಲರಿಗೂ ಬೇಕು. ಮುಂದಿನ ಸಲ ಮೀನು ಮಾರುಕಟ್ಟೆಗೆ ಹೋದಾಗ ದರ ಕೇಳುವ ಮೊದಲು ಒಂದು ನಿಮಿಷ ನಿಂತು ನೋಡಿ. ಯಾವುದರ ಬಾಯಿ ಮೇಲಕ್ಕಿದೆ, ಯಾವುದರದ್ದು ಕೆಳಕ್ಕಿದೆ? ಯಾವುದರ ಬಾಲ ಕವಲೊಡೆದಿದೆ? ಏಕೆ? ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ನಮ್ಮ ಜೀವಶಾಸ್ತ್ರ ಉಪನ್ಯಾಸಕರನ್ನು ಕೇಳಿ. ಕಲಿಕೆ ಅಲ್ಲಿಂದಲೂ ಶುರುವಾಗುತ್ತದೆ.