ಸಾಬೂನಿನ ಮೇಲೆ ಬರೆದ ಕವಿತೆಗಳು

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಗೆಂದು ನೀವು ಪದ್ಯಗಳನ್ನು ಬಾಯಿಪಾಠ ಮಾಡುತ್ತೀರಿ. ಪರೀಕ್ಷೆ ಮುಗಿದೊಡನೆ ಬಹುಪಾಲು ಮರೆತೂ ಬಿಡುತ್ತೀರಿ. ತಾನು ಮರೆತರೆ ಕವಿತೆಯೇ ಇಲ್ಲವಾಗುತ್ತದೆ ಎಂಬ ಸ್ಥಿತಿಯಲ್ಲಿ ಕಾವ್ಯ ಕಟ್ಟಿದವರೂ ಇದ್ದಾರೆ. ರಷ್ಯನ್ ಕವಯಿತ್ರಿ ಇರೀನಾ ರತುಶಿನ್‌ಸ್ಕಾಯಾ ಅಂಥವರಲ್ಲಿ ಒಬ್ಬರು.

1954ರಲ್ಲಿ ಒಡೆಸ್ಸಾ ನಗರದಲ್ಲಿ ಹುಟ್ಟಿದ ಈಕೆ ಓದಿದ್ದು ಭೌತವಿಜ್ಞಾನ. 1982ರ ಸೆಪ್ಟೆಂಬರಿನಲ್ಲಿ ಬಂಧನವಾಯಿತು. ಸೋವಿಯತ್ ವಿರೋಧಿ ಪ್ರಚಾರ ಎಂಬುದು ಆರೋಪ. ಆಕೆಯ ಕವಿತೆಗಳೇ ಆಕೆಯ ವಿರುದ್ಧ ಸಾಕ್ಷ್ಯವಾದವು. ಮರುವರ್ಷ ಶಿಕ್ಷೆ ಗೊತ್ತಾಯಿತು: ಏಳು ವರ್ಷ ದುಡಿಮೆಯ ಶಿಬಿರ, ಅನಂತರ ಐದು ವರ್ಷ ಗಡಿಪಾರು. (ನಮ್ಮ ಬೇಂದ್ರೆಯವರೂ 'ನರಬಲಿ' ಕವಿತೆಗಾಗಿ 1932ರಲ್ಲಿ ಸೆರೆಮನೆ ಕಂಡವರೆಂಬುದನ್ನು ಇಲ್ಲಿ ನೆನೆಯಬಹುದು.)

ಮೊರ್ದೋವಿಯಾ ಪ್ರಾಂತದ ಆ ಶಿಬಿರದಲ್ಲಿ ರಾಜಕೀಯ ಕೈದಿಗಳಾದ ಕೆಲವೇ ಹೆಂಗಸರನ್ನು ಬೇರೆಯಾಗಿ ಇಟ್ಟಿದ್ದರು. ಕೈಗವಸು ಹೊಲಿಯುವುದು ಅವರ ಕೆಲಸ. ಕವಿತೆ ಬರೆದ ಹಾಳೆ ತಪಾಸಣೆಯಲ್ಲಿ ಸಿಕ್ಕರೆ ಹೊಸ ತೊಂದರೆ. ಹಾಗಾಗಿ ಇರೀನಾ ಬೆಂಕಿಕಡ್ಡಿಯಿಂದ ಸಾಬೂನಿನ ಮೇಲೆ ಸಾಲುಗಳನ್ನು ಗೀರುತ್ತಿದ್ದರು. ತಿದ್ದಿ, ಮತ್ತೆ ಮತ್ತೆ ಓದಿ, ಮನಸ್ಸಿನಲ್ಲಿ ನಿಂತಿತೆಂದು ಖಾತ್ರಿಯಾದ ಮೇಲೆ ಕೈ ತೊಳೆದರಾಯಿತು, ಸಾಕ್ಷ್ಯ ನೀರುಪಾಲು!

ಇಂಥ ಕಡೆ ಛಂದಸ್ಸಿನ ಬೆಲೆ ಏನೆಂದು ತಿಳಿಯುತ್ತದೆ. ಮಾತ್ರೆ, ಪ್ರಾಸಗಳನ್ನು ನೀವು ವ್ಯಾಕರಣದ ಪೀಡೆಯೆಂದು ಭಾವಿಸಿರಬಹುದು. ಆದರೆ ಒಂದು ಪದ ಜಾರಿದರೆ ಲಯ ಮುಗ್ಗರಿಸುತ್ತದೆ, ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ನಮ್ಮ ಬೀಸುವ ಪದಗಳು ಅಕ್ಷರವರಿಯದ ಹೆಣ್ಣುಮಕ್ಕಳ ನಾಲಗೆಯ ಮೇಲೆ ತಲೆಮಾರುಗಳನ್ನು ದಾಟಿದ್ದೂ ಈ ಬಲದಿಂದಲೇ.

ಅವು ಬರೀ ಘೋಷಣೆಗಳಾಗಿರಬೇಕು ಎಂದು ಊಹಿಸಬೇಡಿ. ಕಿಟಕಿಯ ಗಾಜಿನ ಮೇಲೆ ಹಿಮ ಬಿಡಿಸಿದ ಚಿತ್ತಾರ ಒಂದು ಕವಿತೆಗೆ ವಸ್ತುವಾಗಿದೆ. ಶತ್ರುವನ್ನು ಬೈಯುವ ಪದ್ಯಕ್ಕಿಂತ ಇದೇ ಹೆಚ್ಚು ದಿಟ್ಟವಾದದ್ದೆಂದು ನನಗೆ ತೋರುತ್ತದೆ. ಸೆರೆಯಲ್ಲಿದ್ದೂ ಯಾವುದನ್ನು ನೋಡಬೇಕೆಂದು ಆಕೆಯೇ ಆರಿಸಿಕೊಂಡರು.

ತೆಳುಕಾಗದದ ಮೇಲೆ ಸಣ್ಣ ಅಕ್ಷರಗಳಲ್ಲಿ ಬರೆದ ಕವಿತೆಗಳು ಗುಟ್ಟಾಗಿ ಹೊರಗೂ ಹೋದವು. 1986ರಲ್ಲಿ, ಆಕೆ ಇನ್ನೂ ಸೆರೆಯಲ್ಲಿದ್ದಾಗಲೇ, ಬ್ರಿಟನ್ನಿನಲ್ಲಿ ಇಂಗ್ಲಿಷ್ ಅನುವಾದದ ಸಂಕಲನ ಪ್ರಕಟವಾಯಿತು. ಅದೇ ವರ್ಷ ಅಕ್ಟೋಬರ್ 9ರಂದು, ರೀಕ್ಯಾವಿಕ್‌ನಲ್ಲಿ ರೇಗನ್ ಮತ್ತು ಗೋರ್ಬಚೆವ್ ಭೇಟಿಯಾಗಲು ಎರಡು ದಿನ ಇರುವಾಗ, ಬಿಡುಗಡೆಯಾಯಿತು. 2017ರಲ್ಲಿ ಮಾಸ್ಕೋದಲ್ಲಿ ಅವರು ತೀರಿಕೊಂಡರು. ಸೆರೆಯಲ್ಲಿ ಕಟ್ಟಿದ ನೂರಕ್ಕೂ ಹೆಚ್ಚು ಕವಿತೆಗಳು ಉಳಿದುಬಂದಿವೆ.