ಬಸುರಿ ಮೀನಿಗೆ ಒಂದು ಚುಚ್ಚುಮದ್ದು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುತ್ತಾರೆ. ಇವು ಚೆನ್ನಾಗಿ ಬೆಳೆಯುತ್ತವೆ, ಹೊಟ್ಟೆಯಲ್ಲಿ ಮೊಟ್ಟೆಯೂ ತುಂಬುತ್ತದೆ. ಆದರೆ ಕೆರೆಯಲ್ಲಿ ಮರಿಗಳಾಗುವುದಿಲ್ಲ. ಮತ್ತೆ ಮತ್ತೆ ಮೀನುಮರಿ ತಂದು ಬಿಡಬೇಕು. ಅದೇ ನೀರಿನಲ್ಲಿ ಸಾಮಾನ್ಯ ಗೆಂಡೆ ಮಾತ್ರ ಜೊಂಡಿನ ನಡುವೆ ತಾನಾಗಿಯೇ ಮೊಟ್ಟೆಯಿಡುತ್ತದೆ! ಏಕೆ ಹೀಗೆ?

ಮೊದಲ ಮೂರೂ ಮೂಲತಃ ಉತ್ತರ ಭಾರತದ ನದಿಗಳ ಮೀನುಗಳು. ಮುಂಗಾರಿನಲ್ಲಿ ಹೊಳೆ ಉಕ್ಕಿ ಹೊಸ ನೀರು ಹರಿದಾಗ ಆ ಸೂಚನೆ ಮೆದುಳಿನ ಹೈಪೊಥಲಾಮಸ್‌ಗೆ ಮುಟ್ಟುತ್ತದೆ. ಅದು ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಗ್ರಂಥಿ ಸ್ರವಿಸುವ ಹಾರ್ಮೋನಿನಿಂದ ಮೊಟ್ಟೆಗಳು ಕೊನೆಯ ಹಂತದ ಪಕ್ವತೆ ಪಡೆದು ಹೊರಬರುತ್ತವೆ. ನಿಂತ ನೀರಿನಲ್ಲಿ ಈ ಸೂಚನೆ ಸಿಗದು. ಮೊಟ್ಟೆಗಳು ಅಲ್ಲಿಗೇ ನಿಂತು, ಕ್ರಮೇಣ ಮೈಯೊಳಗೇ ಕರಗಿಹೋಗುತ್ತವೆ.

ಕೊರತೆ ಹಾರ್ಮೋನಿನದಾದರೆ ಅದನ್ನು ಹೊರಗಿನಿಂದ ಕೊಡಬಹುದಲ್ಲವೆ? 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಇದನ್ನು ಸಾಧಿಸಿದರು. ಬೇರೆ ಮೀನಿನ ಪಿಟ್ಯುಟರಿಯನ್ನು ಅರೆದು, ಅದರ ಸಾರವನ್ನು ಹೆಣ್ಣು ಮೀನಿಗೆ ಚುಚ್ಚುವುದು ವಿಧಾನ. ಮೊದಲು ಕಿಲೋ ತೂಕಕ್ಕೆ 2-3 ಮಿಲಿಗ್ರಾಂ, ಸುಮಾರು 6 ಗಂಟೆಯ ಬಳಿಕ 5-8 ಮಿಲಿಗ್ರಾಂ. ಗಂಡಿಗೆ ಒಂದೇ ಸಲ, ಹೆಣ್ಣಿನ ಎರಡನೆಯ ಚುಚ್ಚುಮದ್ದಿನ ಜೊತೆಗೆ. ಕೆಲವೇ ಗಂಟೆಗಳಲ್ಲಿ ಮೊಟ್ಟೆ ಹೊರಬೀಳುತ್ತದೆ. ಇಂದು ಒಂದೇ ಸಲ ಕೊಡುವ ಸಂಶ್ಲೇಷಿತ ಔಷಧಗಳು ಹೆಚ್ಚಾಗಿ ಬಳಕೆಯಲ್ಲಿವೆ.

ಚುಚ್ಚುಮದ್ದಿನಿಂದಲೇ ಮೊಟ್ಟೆ ಹುಟ್ಟುತ್ತದೆ ಎಂದು ವಿದ್ಯಾರ್ಥಿಗಳು ತಿಳಿಯುವುದುಂಟು. ಹಾಗಲ್ಲ. ಅದು ಬಾಗಿಲು ತೆರೆಯುತ್ತದೆ, ಅಷ್ಟೆ. ಒಳಗೆ ಮೊಟ್ಟೆ ಬಲಿತಿರಬೇಕಾದರೆ ತಿಂಗಳುಗಟ್ಟಲೆ ಮುಂಚೆಯೇ ತಾಯಿಮೀನುಗಳಿಗೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿ, ಇಕ್ಕಟ್ಟಿಲ್ಲದೆ ಸಾಕಿರಬೇಕು. ಅನುಭವಿಗಳು ಸಿರಿಂಜು ಹಿಡಿಯುವ ಮೊದಲು ಹೊಟ್ಟೆ ಮುಟ್ಟಿ ನೋಡುತ್ತಾರೆ: ಹೆಣ್ಣಿನದು ಮೆತ್ತಗಿರಬೇಕು, ಗಂಡಿನದನ್ನು ಒತ್ತಿದರೆ ಹಾಲಿನಂಥ ದ್ರವ ಬರಬೇಕು. ಬಲಿಯದ ಮೀನಿಗೆ ಎಷ್ಟು ಚುಚ್ಚಿದರೂ ಔಷಧ ದಂಡ, ಮೀನಿಗೂ ಹಿಂಸೆ.

ಕಡಲಜೀವಿಗಳಲ್ಲೂ ಇದೇ ಕಥೆ. ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್‌ನ ಮೊಟ್ಟೆಗಳನ್ನು ನೀರಿನ ವಿಷತ್ವ ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಚುಚ್ಚಿದರೆ ಅದು ನಿಮಿಷಗಳಲ್ಲಿ ಮೊಟ್ಟೆ ಬಿಡುತ್ತದೆ. ಆದರೆ ತೊಟ್ಟಿಯಲ್ಲಿ ಕಡಲಪಾಚಿ ತಿನ್ನಿಸಿ, ನೀರಿನ ಉಷ್ಣತೆ, ಬೆಳಕಿನ ಅವಧಿಗಳನ್ನು ಹೊಂದಿಸಿ ಪಕ್ವಗೊಳಿಸಿದ್ದರೆ ಮಾತ್ರ.

ಮೀನಂಗಡಿಯಿಂದ ದೊಡ್ಡ ಗೆಂಡೆಯ ತಲೆ ಸಿಕ್ಕರೆ ತರಗತಿಯಲ್ಲಿ ಈ ಗ್ರಂಥಿಯನ್ನೇ ತೋರಿಸಬಹುದು. ತಲೆಬುರುಡೆಯ ಮೇಲ್ಭಾಗ ತೆಗೆದು ಮೆದುಳನ್ನು ಮೆಲ್ಲನೆ ಎತ್ತಿ. ಅದರ ಬುಡದ ಕುಳಿಯಲ್ಲಿ, ತೆಳುಪೊರೆಯ ಕೆಳಗೆ, ಬೆಳ್ಳಗಿನ ಪುಟ್ಟ ಕಾಳಿನಂತೆ ಕಾಣುತ್ತದೆ.