ಲೇಸರ್ ಕಿರಣದ ಗುಣಪರೀಕ್ಷೆ

1960ರಲ್ಲಿ ಅಮೆರಿಕದ ವಿಜ್ಞಾನಿ ಥಿಯೊಡೋರ್ ಮೈಮನ್ ಕೃತಕ ಮಾಣಿಕ್ಯದಿಂದ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದನು. ಇಂದು ಲೇಸರ್ ಉಕ್ಕನ್ನು ಕತ್ತರಿಸುತ್ತದೆ. ಕಣ್ಣಿನ ಶಸ್ತ್ರಚಿಕಿತ್ಸೆಗೂ ನೆರವಾಗುತ್ತದೆ. ಇಂತಹ ಕಾರ್ಯಗಳಿಗೆ ಕಿರಣದ ಶಕ್ತಿಯೊಂದೇ ಸಾಲದು. ಅದರ ಗುಣವೂ ಉತ್ತಮವಾಗಿರಬೇಕು.

ಕಿರಣದ ಗುಣವೆಂದರೇನು? ಲೇಸರ್ ಕಿರಣವು ಸ್ವಲ್ಪವೂ ಹರಡುವುದಿಲ್ಲವೆಂದು ಹಲವರು ಭಾವಿಸುತ್ತಾರೆ. ಅದು ನಿಜವಲ್ಲ. ಬೆಳಕಿಗೆ ಅಲೆಯ ಸ್ವಭಾವವಿರುವುದರಿಂದ ಅದು ಕೊಂಚವಾದರೂ ಹರಡಿಯೇ ತೀರುತ್ತದೆ. ಅದೇ ಬಣ್ಣದ, ಅಷ್ಟೇ ತೆಳುವಾದ ಆದರ್ಶ ಕಿರಣಕ್ಕಿಂತ ನಮ್ಮ ಕಿರಣವು ಎಷ್ಟು ಪಟ್ಟು ಹೆಚ್ಚು ಹರಡುತ್ತದೆಂಬುದೇ ಗುಣದ ಅಳತೆ. ಇದನ್ನು 'ಎಂ ವರ್ಗ' ಎನ್ನುತ್ತಾರೆ. ಆದರ್ಶ ಕಿರಣದ ಎಂ ವರ್ಗ 1. ಅದಕ್ಕಿಂತ ಕಡಿಮೆಯಾಗಲು ಪ್ರಕೃತಿ ಎಡೆಗೊಡದು.

ಇದನ್ನು ಅಳೆಯುವ ಬಗೆ ಹೀಗಿದೆ. ಕಿರಣವನ್ನು ಮಸೂರದ ಮೂಲಕ ಹಾಯಿಸುತ್ತಾರೆ. ಅದು ಕಿರಿದಾಗುತ್ತ ಸಾಗಿ, ಒಂದೆಡೆ ಅತಿ ಸಣ್ಣದಾಗಿ, ಮತ್ತೆ ಅಗಲವಾಗುತ್ತದೆ. ಈ ಹಾದಿಯಲ್ಲಿ ಕನಿಷ್ಠ 10 ಕಡೆ ಅದರ ಅಗಲವನ್ನು ಅಳೆಯಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಒಂದೇ ಕಡೆ ಅಳೆದರೆ ಹರಡುವಿಕೆಯು ತಿಳಿಯದು.

ಎಂ ವರ್ಗವು 2 ಆಯಿತೆನ್ನಿ. ಅದೇ ಮಸೂರದಿಂದ ದೊರೆಯುವ ಬೆಳಕಿನ ಚುಕ್ಕೆಯ ಅಗಲ ಇಮ್ಮಡಿಯಾಗುತ್ತದೆ, ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ತೀಕ್ಷ್ಣತೆ ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ಲೋಹವನ್ನು ಕತ್ತರಿಸಬೇಕಾದ ಕಿರಣವು ಅದನ್ನು ಬರಿದೆ ಕಾಯಿಸೀತು. ಶಕ್ತಿಯಿದ್ದರೆ ಸಾಲದು, ಅದು ಒಂದೆಡೆ ಕೇಂದ್ರೀಕೃತವಾಗಬೇಕು.